ಸಮುದ್ರ ದಾರಿ ಬಿಡುವವರೆಗೆ: ಲಿಂಡಿಸ್ಫಾರ್ನ್‌ನಲ್ಲಿ ಒಂದು ಸಂಜೆ

ಸಾಗರದವಳು (ನ್ಯೂಕ್ಯಾಸಲ್)

ಎಲ್ಲರಿಗೂ ನಮಸ್ಕಾರ. ಸೀಗೆ ಹುಣ್ಣಿಮೆಯ ಮರುದಿನ ನಾನು, ನನ್ನ ಗಂಡ, ಊರಿಂದ ಬಂದಿರುವ ಅತ್ತೆ ಮೂವರೂ ಲಿಂಡಿಸ್ಫಾರ್ನ್ ದ್ವೀಪಕ್ಕೆ ಹೋಗಿದ್ದೆವು. ಇಲ್ಲಿನವರ ಬಾಯಲ್ಲಿ ಅದು ಹೋಲಿ ಐಲ್ಯಾಂಡ್. ಇಂಗ್ಲೆಂಡಿನ ಈಶಾನ್ಯ ತುದಿ, ನಾರ್ತಂಬರ್‌ಲ್ಯಾಂಡ್ ಕರಾವಳಿ. ನಮ್ಮ ಮನೆಯಿಂದ ಕಾರಿನಲ್ಲಿ ಒಂದೂಕಾಲು ಗಂಟೆ. ಮೊದಲೂ ಮೂರು ಸಲ ಹೋಗಿದ್ದೇನೆ. ಆದರೆ ಕತ್ತಲಾಗುವವರೆಗೆ ಅಲ್ಲೇ ಉಳಿದದ್ದು ಇದೇ ಮೊದಲು. ಬಂದ ಮೇಲೆ ಎರಡು ದಿನ ಅದೇ ಗುಂಗು. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಗೊತ್ತಿಲ್ಲದವರಿಗೆ: ಇದು ದಿನಕ್ಕೆ ಎರಡು ಸಲ ಮಾತ್ರ ದ್ವೀಪ. ಸಮುದ್ರ ಉಬ್ಬಿದಾಗ ಸುತ್ತಲೂ ನೀರು. ಇಳಿದಾಗ ಕಣ್ಣು ಹಾಯುವಷ್ಟು ಮರಳು, ಕೆಸರು, ಅದರ ಮೇಲೆ ಒಂದು ಟಾರು ರಸ್ತೆ. ರಸ್ತೆ ಆಗಿದ್ದು 1954ರಲ್ಲಿ. ಅದಕ್ಕೂ ಮುಂಚೆ ಜನ ಮರಳಿನ ಮೇಲೇ ದಾಟುತ್ತಿದ್ದರು. ಆ ಹಳೆ ದಾರಿ ತಪ್ಪದಿರಲಿ ಅಂತ ನೆಟ್ಟ ಉದ್ದುದ್ದ ಕಂಬಗಳು ಈಗಲೂ ಇವೆ, ಸುಮಾರು ಮೂರು ಮೈಲಿ ಉದ್ದಕ್ಕೂ. ರಸ್ತೆ ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ ಸುರಕ್ಷಿತ ಅಂತ ಅಲ್ಲಿನ ಕೌಂಟಿ ಕೌನ್ಸಿಲ್ ವೇಳಾಪಟ್ಟಿ ಹಾಕುತ್ತದೆ. ಒಂದೊಂದು ದಿನ ಒಂದೊಂದು ಹೊತ್ತು.

ಹೆಚ್ಚಿನವರು ಬರುತ್ತಾರೆ, ಕೋಟೆ ನೋಡುತ್ತಾರೆ, ಟೀ ಕುಡಿಯುತ್ತಾರೆ, ನೀರು ಬರುವ ಮುಂಚೆ ಹೊರಡುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು. ಈ ಸಲ ಬೇಕೆಂದೇ ಒಳಗೆ ಉಳಿದೆವು. ಮಧ್ಯಾಹ್ನ ಒಂದು ದಾಟಿದ ಮೇಲೆ ರಸ್ತೆ ಮುಚ್ಚಿತು. ಮತ್ತೆ ತೆರೆಯುವುದು ಸಂಜೆ ಆರೂವರೆ ಸುಮಾರಿಗೆ. ಊರಲ್ಲಿ ಕಾಯಂ ಇರುವವರು ನೂರೈವತ್ತು ಜನ ಅಷ್ಟೇ. ಕೊನೆಯ ಬಸ್ಸು ಹೋದ ಮೇಲೆ ಬೀದಿಯಲ್ಲಿ ನಮ್ಮ ಚಪ್ಪಲಿ ಸದ್ದು ನಮಗೇ ಕೇಳುತ್ತಿತ್ತು.

ಕೋಟೆ, ಹಳೇ ಕ್ರೈಸ್ತ ಮಠದ ಅವಶೇಷ ಎಲ್ಲ ನೋಡಿದೆವು, ಅದನ್ನು ಜಾಸ್ತಿ ಹೇಳುವುದಿಲ್ಲ. ಮಠ ಶುರುವಾದದ್ದು 635ರಲ್ಲಿ. 793ರಲ್ಲಿ ವೈಕಿಂಗರು ಸಮುದ್ರದ ಮೇಲಿಂದ ಬಂದು ದೋಚಿದರು. ಈಗಿರುವ ಕೆಂಪು ಕಲ್ಲಿನ ಕಮಾನುಗಳು ಅದಕ್ಕಿಂತ ತುಂಬಾ ಈಚಿನವು. ಕೋಟೆಯನ್ನು ಮನೆಯಾಗಿ ಮಾರ್ಪಡಿಸಿದ್ದು ಲುಟ್ಯೆನ್ಸ್. ಮುಂದೆ ದಿಲ್ಲಿಯಲ್ಲಿ ರಾಷ್ಟ್ರಪತಿ ಭವನ ಕಟ್ಟಿಸಿದರಲ್ಲ, ಅವರೇ. ಇದನ್ನು ಕೇಳಿ ಅತ್ತೆಗೆ ಬಹಳ ಖುಷಿಯಾಯಿತು.

ನಾನು ಹೇಳಬೇಕು ಅಂದುಕೊಂಡಿದ್ದು ಆಮೇಲಿನದು.

ಮೂರೂವರೆ ಸುಮಾರಿಗೆ ಸಮುದ್ರ ಪೂರ್ತಿ ತುಂಬಿತ್ತು. ಬಂದರಿನ ಪಕ್ಕ ಹೆರಿಂಗ್ ಮೀನು ಹಿಡಿಯುತ್ತಿದ್ದ ಹಳೇ ದೋಣಿಗಳನ್ನು ಬೋರಲು ಹಾಕಿ, ಬಾಗಿಲು ಇಟ್ಟು ಸಾಮಾನು ಇಡುವ ಗುಡಿಸಲು ಮಾಡಿಕೊಂಡಿದ್ದಾರೆ. ಅದರ ಹತ್ತಿರ ಬೆಂಚಿನ ಮೇಲೆ ಕೂತು ಚಪಾತಿ ತಿನ್ನುತ್ತಿದ್ದೆವು. ಹತ್ತು ಹನ್ನೆರಡು ಮಾರು ದೂರದಲ್ಲಿ ನೀರು ಸೀಳಿಕೊಂಡು ಒಂದು ತಲೆ ಬಂತು. ಬೂದು ಸೀಲ್. ಗುಂಡು ಕಣ್ಣು, ಉದ್ದ ಮುಸುಡಿ, ಒದ್ದೆ ಮೀಸೆ. ಮೂಗಿನ ಜಾಗದಲ್ಲಿ ಎರಡು ಗೆರೆ ಮಾತ್ರ ಇತ್ತು. ಆ ಗೆರೆಗಳು ತೆರೆದವು. ಫುಸ್ ಅಂತ ಉಸಿರು ಬಿಟ್ಟಿತು, ಒಳಗೆಳೆದುಕೊಂಡಿತು. ಮತ್ತೆ ಗೆರೆಗಳು ಗಟ್ಟಿಯಾಗಿ ಮುಚ್ಚಿಕೊಂಡವು. ಅದರ ಹೊಳ್ಳೆ ಸುಮ್ಮನಿರುವಾಗ ಮುಚ್ಚೇ ಇರುತ್ತದಂತೆ, ಉಸಿರಾಡಲು ಬೇಕೆಂದೇ ತೆರೆಯಬೇಕು. ನಮ್ಮನ್ನು ಒಂದು ನಿಮಿಷ ನೋಡಿತು. ಮುಳುಗಿತು. ಅತ್ತೆ ಕೈಯಲ್ಲಿದ್ದ ಚಪಾತಿ ಹಾಗೇ ಇತ್ತು.

ಐದೂವರೆ ಹೊತ್ತಿಗೆ ಊರಿನ ದಕ್ಷಿಣಕ್ಕಿರುವ ಕಲ್ಲು ದಿಬ್ಬ ಹತ್ತಿದೆವು. ಅದಕ್ಕೆ ಹ್ಯೂ ಅನ್ನುತ್ತಾರೆ. ನೀರು ಇಳಿಯುತ್ತಿತ್ತು. ಮೊದಲು ಒಂದು ಕಡೆ ನೀರಿನ ಬಣ್ಣ ತೆಳುವಾಯಿತು. ಆಮೇಲೆ ಅಲ್ಲಿ ಅಲೆ ಮುರಿಯಲು ಶುರು. ಆಮೇಲೆ ಬೆನ್ನು ಎತ್ತಿದ ಹಾಗೆ ಮರಳು ಮೇಲೆ ಬಂತು. ಮಧ್ಯಾಹ್ನದಿಂದ ದಡದ ಅಂಚಿನಲ್ಲಿ ಒತ್ತೊತ್ತಾಗಿ, ಒಂಟಿಕಾಲಲ್ಲಿ ನಿಂತು ಕಾಯುತ್ತಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಸಾವಿರವೋ ಎರಡು ಸಾವಿರವೋ, ಎಣಿಸಲು ಆಗಲಿಲ್ಲ. ತಿರುಗಿದಾಗ ಬಿಳಿ, ಮತ್ತೆ ತಿರುಗಿದಾಗ ಕಪ್ಪು. ಹೋಗಿ ಒದ್ದೆ ಕೆಸರಿನ ಮೇಲೆ ಇಳಿದವು, ಇಳಿದದ್ದೇ ತಡ ಕೊಕ್ಕು ಕೆಸರಿಗೆ.

ಸೂರ್ಯ ಮುಳುಗುವ ಹೊತ್ತಿಗೆ ಆ ಸದ್ದು ಶುರುವಾಯಿತು. ಒಂದು ಕಿಲೋಮೀಟರ್‌ಗಿಂತ ದೂರದ ಮರಳ ದಿಬ್ಬದ ಕಡೆಯಿಂದ. ಊ... ಅಂತ ಎಳೆದು, ಏರಿ, ಇಳಿದು. ಒಂದು ನಿಂತರೆ ಇನ್ನೊಂದು. ಅತ್ತೆ ನನ್ನ ಕೈ ಹಿಡಿದುಕೊಂಡು, "ಯಾರೋ ಅಳ್ತಾ ಇದ್ದಾರೆ ಅಲ್ವೇನೇ?" ಅಂದರು. "ಸೀಲ್ ಅತ್ತೆ, ಮಧ್ಯಾಹ್ನ ನೋಡಿದ್ವಲ್ಲ, ಅದೇ" ಅಂದೆ. ದುರ್ಬೀನಿನಲ್ಲಿ ನೋಡಿದರೆ ಬಾಳೆಕಾಯಿ ಸಾಲಾಗಿ ಇಟ್ಟ ಹಾಗೆ ತಲೆ ಬಾಲ ಎರಡೂ ಮೇಲೆತ್ತಿ ಮಲಗಿದ್ದವು. ನೂರಕ್ಕೆ ಕಡಿಮೆ ಇರಲಿಲ್ಲ. ಅಷ್ಟರಲ್ಲಿ ಪೂರ್ವಕ್ಕೆ ಸಮುದ್ರದ ಮೇಲೆ ಚಂದ್ರ ಎದ್ದ. ಅತ್ತೆ ಸೆರಗು ಹೊದ್ದು ಕೈ ಮುಗಿದರು. ನಾವು ಮೂವರೂ ತುಂಬಾ ಹೊತ್ತು ಮಾತಾಡಲಿಲ್ಲ.

ರಸ್ತೆ ತೆರೆದು ಮುಕ್ಕಾಲು ಗಂಟೆಯಾದ ಮೇಲೆ ಹೊರಟೆವು. ಎರಡೂ ಕಡೆ ನೀರು ಬೆಳದಿಂಗಳಲ್ಲಿ ಹೊಳೆಯುತ್ತಿತ್ತು. ರಸ್ತೆಯ ಮೇಲೆ ಕಡಲಕಳೆ ಬಿದ್ದಿತ್ತು.

ಹುಟ್ಟಿದ ಊರಿನ ಹೆಸರು ಸಾಗರ. ಅಲ್ಲಿ ಸಮುದ್ರವಿಲ್ಲ, ಶರಾವತಿ ಹಿನ್ನೀರು ಇದೆ. ಹಾಗಾಗಿ ಉಬ್ಬರ ಇಳಿತ ನನಗೆ ಪುಸ್ತಕದ ಮಾತಾಗಿತ್ತು. ಕರಾವಳಿಯವರು ಇಲ್ಲಿ ಯಾರಾದರೂ ಇದ್ದರೆ ಹೇಳಿ, ನಿಮ್ಮಲ್ಲೂ ಹೀಗೆ ಹಕ್ಕಿ, ಮನುಷ್ಯ ಎಲ್ಲ ನೀರಿನ ಹೊತ್ತಿಗೆ ಕಾಯುವುದು ಇದೆಯಾ?

ಗಂಗೊಳ್ಳಿ ಹುಡುಗ

ಅಕ್ಕ, ಓದಿ ಮೈ ಜುಮ್ ಅಂತು. ನಮ್ಮಲ್ಲಿ ಉಬ್ಬರ ಅನ್ನುವುದಕ್ಕಿಂತ ಭರತ ಅನ್ನುವುದೇ ಜಾಸ್ತಿ. ಭರತ, ಇಳಿತ. ನೀವು ಹೋದ ದಿನ ಹುಣ್ಣಿಮೆಯ ಮರುದಿನ ಅಂದಿರಲ್ಲ, ಅದಕ್ಕೇ ನಿಮಗೆ ಅಷ್ಟು ಮರಳು ಕಂಡಿದ್ದು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿ ಹೊತ್ತಿಗೆ ಎರಡೂ ಕಡಿಮೆ. ನಮ್ಮ ಅಪ್ಪ ಪಂಚಾಂಗ ನೋಡಿಯೇ ಬಲೆ ಬಿಡುವ ಹೊತ್ತು ಹೇಳುತ್ತಿದ್ದರು, ಮೊಬೈಲ್ ಇರಲಿಲ್ಲ.

ಆದರೆ ನಮ್ಮಲ್ಲಿ ಒಂದೂವರೆ ಎರಡು ಮೀಟರ್ ಏರಿಳಿತ ಅಂದರೆ ದೊಡ್ಡದು. ನಿಮ್ಮಲ್ಲಿ ಎಷ್ಟು?

ಮತ್ತೆ ಇಂಥ ಜಾಗಕ್ಕೆ ದ್ವೀಪ ಅನ್ನುವುದು ಯಾಕೋ ದೂರದ ಮಾತು ಅನ್ನಿಸುತ್ತದೆ. ನಮ್ಮಲ್ಲಿ ಹೊಳೆಯ ನಡುವಿನ ನೆಲಕ್ಕೆ ಕುದ್ರು ಅನ್ನುತ್ತೇವೆ. ನಿಮ್ಮ ಲಿಂಡಿಸ್ಫಾರ್ನ್ ಸಮುದ್ರದ ಕುದ್ರು.

ಸಾಗರದವಳು (ನ್ಯೂಕ್ಯಾಸಲ್)

ಕುದ್ರು! ಎಷ್ಟು ಚೆನ್ನಾಗಿದೆ. ತಮ್ಮ, ಇಲ್ಲಿ ದೊಡ್ಡ ಭರತದಲ್ಲಿ ನಾಲ್ಕು ಮೀಟರಿಗೂ ಸ್ವಲ್ಪ ಜಾಸ್ತಿ. ಒಂದು ಮಹಡಿಗಿಂತ ಎತ್ತರ. ಬಯಲು ಚಪ್ಪಟೆಯಾಗಿರುವುದರಿಂದ ಅಷ್ಟು ನೀರು ಇಳಿದರೆ ಮೈಲಿಗಟ್ಟಲೆ ನೆಲ ಬಿಡುತ್ತದೆ.

ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಈ ಕುದ್ರುವಿಗೂ ಒಂದು ಮರಿ ಕುದ್ರು ಇದೆ! ದಿಬ್ಬದ ಕೆಳಗೆ, ದಡದಿಂದ ಕಲ್ಲೆಸೆಯುವಷ್ಟು ದೂರದಲ್ಲಿ. ಸಂತ ಕತ್‌ಬರ್ಟ್‌ನ ಹೆಸರಿನದು. ಅದರ ಮೇಲೆ ಒಂದು ಶಿಲುಬೆ, ಹಳೇ ಪ್ರಾರ್ಥನಾ ಮಂದಿರದ ಅಡಿಪಾಯ. ಅದಕ್ಕೂ ಇಳಿತದಲ್ಲಿ ಮಾತ್ರ ನಡೆದು ಹೋಗಬಹುದು. ಮಠದಲ್ಲಿ ಜನರ ಗಲಾಟೆ ಜಾಸ್ತಿಯಾದಾಗ ಕತ್‌ಬರ್ಟ್ ಅಲ್ಲಿ ಹೋಗಿ ಕೂರುತ್ತಿದ್ದರು ಅಂತ ಹೇಳುತ್ತಾರೆ. ಅದೂ ಸಾಲದಾಗಿ 676ರಲ್ಲಿ ಇನ್ನೂ ದೂರದ ಫಾರ್ನ್ ದ್ವೀಪಕ್ಕೆ ಹೋದರು. ಅಲ್ಲಿ ಗೂಡು ಕಟ್ಟುವ ಐಡರ್ ಬಾತುಗಳನ್ನು ಯಾರೂ ಮುಟ್ಟಬಾರದು ಅಂತ ಕಟ್ಟು ಹಾಕಿದ್ದರಂತೆ. ಇವತ್ತಿಗೂ ಇಲ್ಲಿನ ಜನ ಆ ಬಾತಿಗೆ ಕಡ್ಡಿ ಡಕ್ ಅನ್ನುತ್ತಾರೆ. ಕಡ್ಡಿ ಅಂದರೆ ಕತ್‌ಬರ್ಟ್, ಪ್ರೀತಿಯ ಹೆಸರು. ಬಂದರಿನಲ್ಲಿ ಏಳೆಂಟು ಇದ್ದವು. ಅವುಗಳ ಕೂಗು "ಆ... ಊ" ಅಂತ. ಬೀದಿಯಲ್ಲಿ ಏನೋ ಸುದ್ದಿ ಕೇಳಿ ಆಶ್ಚರ್ಯಪಟ್ಟ ಹೆಂಗಸರ ಹಾಗೆ!

ಮೈಸೂರು ಮೇಷ್ಟ್ರು

ಮೇಡಂ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಿವೃತ್ತನಾಗಿ ಆರು ವರ್ಷ, ಸಮುದ್ರ ನೋಡಿದ್ದು ಮೂರೇ ಸಲ. ಎರಡು ಪ್ರಶ್ನೆ. ಸೀಲ್ ಅಂದರೆ ನಮ್ಮ ನೀರುನಾಯಿಯೇ? ಮತ್ತೆ ರಸ್ತೆ ತೆರೆಯುವ ಹೊತ್ತು ದಿನಾ ಯಾಕೆ ಬದಲಾಗಬೇಕು, ದಿನಕ್ಕೆ ಎರಡು ಸಲ ಅಂದರೆ ಹನ್ನೆರಡು ಗಂಟೆಗೊಮ್ಮೆ ಬರಬೇಕಲ್ಲವೇ?

ಗೊರವ

ಸರ್, ನೀರುನಾಯಿ ಅಂದರೆ ಆಟರ್. ನಾಲ್ಕು ಕಾಲಿನ ಮೇಲೆ ಓಡಾಡುತ್ತದೆ, ಉದ್ದ ಬಾಲ. ನಮ್ಮ ತುಂಗಭದ್ರೆಯಲ್ಲಿ ಅದಕ್ಕಾಗಿಯೇ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು ಮೀಸಲು ಪ್ರದೇಶ ಮಾಡಿದ್ದಾರೆ. ಸೀಲ್ ಬೇರೆಯೇ. ಕಾಲಿನ ಜಾಗದಲ್ಲಿ ಈಜುರೆಕ್ಕೆ, ಚರ್ಮದ ಕೆಳಗೆ ದಪ್ಪ ಕೊಬ್ಬು. ಭಾರತದ ಕರಾವಳಿಯಲ್ಲಿ ಸೀಲ್ ಇಲ್ಲ. ಜಗತ್ತಿನ ಬೂದು ಸೀಲ್‌ಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಬ್ರಿಟನ್ ಸುತ್ತಲೇ ಇವೆ. ಅಲ್ಲಿ ಇನ್ನೊಂದು ಜಾತಿಯೂ ಉಂಟು, ಸಾಮಾನ್ಯ ಸೀಲ್. ಅದರ ಮುಖ ನಾಯಿಮರಿಯ ಹಾಗೆ ಗುಂಡಗೆ. ಬೂದು ಸೀಲ್‌ನದು ಕುದುರೆಯ ಹಾಗೆ ಉದ್ದ. ಅಕ್ಕ ನೋಡಿದ್ದು ಬೂದು ಸೀಲ್ ಅನ್ನುವುದು ಮುಸುಡಿಯ ವರ್ಣನೆಯಿಂದಲೇ ಗೊತ್ತಾಗುತ್ತದೆ.

ಎರಡನೇ ಪ್ರಶ್ನೆಗೆ: ಭರತದಿಂದ ಭರತಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನಲ್ಲ, ಅವನನ್ನು ಹಿಡಿಯಲು ಇನ್ನೂ ಐವತ್ತು ನಿಮಿಷ ತಿರುಗಬೇಕು. ಹಾಗಾಗಿ ದಿನಾ ಐವತ್ತು ನಿಮಿಷ ತಡ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ, ಅದು ನನ್ನ ಪ್ರಾಣ. ಅಕ್ಕ, ಮಧ್ಯಾಹ್ನ ಒಂಟಿಕಾಲಲ್ಲಿ ನಿಂತವು ಅಂದಿರಲ್ಲ, ಆ ನಿಲ್ಲುವಿಕೆ ಅವಕ್ಕೆ ಬಹಳ ಮುಖ್ಯ. ಕೆಸರು ಬಿಟ್ಟಾಗ ಮಾತ್ರ ಅವಕ್ಕೆ ಊಟ. ಇಳಿತ ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ ಊಟ. ಹಗಲು ಇರುಳಿನ ಲೆಕ್ಕ ಅವಕ್ಕಿಲ್ಲ. ಭರತದ ಹೊತ್ತಿನಲ್ಲಿ ಶಕ್ತಿ ಉಳಿಸಿಕೊಂಡು ನಿಂತಿರಬೇಕು. ಆಗ ಯಾರೋ ಫೋಟೋಕ್ಕೆ ಅಂತ ಹತ್ತಿರ ಹೋದರೆ, ನಾಯಿ ಬಿಟ್ಟರೆ, ಇಡೀ ಗುಂಪು ಏಳುತ್ತದೆ. ಸುತ್ತಿ ಸುತ್ತಿ ಮತ್ತೆ ಇಳಿಯುತ್ತದೆ. ಚಳಿಗಾಲದ ದಿನದಲ್ಲಿ ಮೇಲಿಂದ ಮೇಲೆ ಹೀಗಾದರೆ ತಿಂದಿದ್ದರಲ್ಲಿ ಬಹಳಷ್ಟು ಹಾರಾಟದಲ್ಲೇ ಕರಗಿಹೋಗುತ್ತದೆ. ಚಂದದ ಹಾರಾಟ ನೋಡಲು ಬೇಕೆಂದೇ ಎಬ್ಬಿಸುವವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ನೀವು ಕಾದಿರಿ, ಅವು ತಾವಾಗಿ ಎದ್ದವು. ಅದೇ ಸರಿ.

ಕೆಸರಿನ ಮೇಲೆ ಸಣ್ಣ ಸಣ್ಣ ಚಕ್ಕುಲಿ ಹಿಂಡಿದ ಹಾಗೆ ಮರಳಿನ ಸುರುಳಿ ಇತ್ತಾ? ಹೆಬ್ಬಾತುಗಳು ಬಂದಿದ್ದವಾ?

ಸಾಗರದವಳು (ನ್ಯೂಕ್ಯಾಸಲ್)

ಇತ್ತು! ಚಕ್ಕುಲಿ ಅನ್ನುವುದೇ ಸರಿಯಾದ ಮಾತು. ರಸ್ತೆ ಪಕ್ಕದಲ್ಲಿ ಬೆಳಿಗ್ಗೆ ಕೂತು ನೋಡಿದೆ. ಅಂಗೈಯಗಲ ಜಾಗದಲ್ಲಿ ನಾಲ್ಕೈದು. ಒಂದೊಂದರ ಪಕ್ಕ ಬೆರಳು ಒತ್ತಿದ ಹಾಗೆ ಸಣ್ಣ ಗುಂಡಿ. ಏನದು?

ಹೆಬ್ಬಾತು ಬಂದಿದ್ದವು. ಕಪ್ಪು ತಲೆ, ಕತ್ತಿನಲ್ಲಿ ಬಿಳಿ ಗೀರು, ತಿಳಿ ಹೊಟ್ಟೆ. ಗೊಣಗುತ್ತಾ ಹೋಗುತ್ತಿದ್ದವು.

ಗೊರವ

ಅದು ಲಗ್‌ವರ್ಮ್ ಎಂಬ ಹುಳುವಿನ ಮನೆ. ಕೆಳಗೆ ಇಂಗ್ಲಿಷಿನ ಯು ಅಕ್ಷರದ ಆಕಾರದ ಬಿಲ. ಗುಂಡಿಯ ಕಡೆಯಿಂದ ಮರಳು ನುಂಗುತ್ತದೆ, ಅದರಲ್ಲಿನ ಸತ್ವ ತಿಂದು, ಬರೀ ಮರಳನ್ನು ಇನ್ನೊಂದು ಕಡೆ ಹಿಂಡುತ್ತದೆ. ಅದನ್ನು ತಿನ್ನಲು ಉದ್ದ ಕೊಕ್ಕು ಬೇಕು, ಕರ್ಲ್ಯೂ, ಗಾಡ್‌ವಿಟ್‌ಗೆ ಸಿಗುತ್ತದೆ. ಡನ್‌ಲಿನ್‌ನಂಥ ಸಣ್ಣವು ಮೇಲಿನ ಪದರದಲ್ಲೇ ಹುಡುಕುತ್ತವೆ. ಒಂದೇ ಕೆಸರಿನಲ್ಲಿ ಒಂದೊಂದು ಆಳ ಒಂದೊಂದು ಹಕ್ಕಿಗೆ. ಕರ್ಲ್ಯೂ ನಮ್ಮ ಗೊರವ ಹಕ್ಕಿಯ ಬಳಗ. ನನ್ನ ಹೆಸರು ಇಲ್ಲಿ ಗೊರವ ಅಂತ ಇಟ್ಟುಕೊಂಡಿದ್ದು ಸುಮ್ನೆ ಅಲ್ಲ.

ಹೆಬ್ಬಾತು ಬ್ರೆಂಟ್ ಹೆಬ್ಬಾತು, ತಿಳಿ ಹೊಟ್ಟೆಯದು. ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್‌ನಲ್ಲಿ ಮರಿ ಮಾಡಿ ಬರುತ್ತವೆ. ಆ ಗುಂಪು ಬ್ರಿಟನ್ನಿನಲ್ಲಿ ಪ್ರತಿ ಚಳಿಗಾಲ ತಪ್ಪದೆ ಇಳಿಯುವ ಜಾಗ ಇದೊಂದೇ, ಉಳಿದವು ಡೆನ್ಮಾರ್ಕಿಗೆ ಹೋಗುತ್ತವೆ. ಬರುವುದು ಕೆಸರಿನಲ್ಲಿ ಬೆಳೆಯುವ ಕಡಲಹುಲ್ಲು ತಿನ್ನಲು. ಆ ಹುಲ್ಲು ಹಾಳಾದರೆ ಅವಕ್ಕೆ ಅಲ್ಲಿ ಬರಲು ಕಾರಣವೇ ಇರುವುದಿಲ್ಲ.

ಕುಮಟೆಯವಳು

ನಾನು ಇಂಥ ಕಡೆ ಬರೆಯುವವಳಲ್ಲ, ಓದಿ ಹೋಗುತ್ತೇನೆ. ಆದರೆ "ಹಕ್ಕಿ, ಮನುಷ್ಯ ಎಲ್ಲ ನೀರಿನ ಹೊತ್ತಿಗೆ ಕಾಯುವುದು ಇದೆಯಾ" ಅಂತ ಕೇಳಿದ್ದೀರಲ್ಲ, ಉತ್ತರ ಕೊಡದೆ ಹೋಗಲು ಮನಸ್ಸಾಗಲಿಲ್ಲ.

ನಮ್ಮದು ಅಘನಾಶಿನಿ ಅಳಿವೆ. ನನ್ನ ಅಮ್ಮ ಮದುವೆಯಾಗಿ ಬಂದಾಗಿನಿಂದ ಇಳಿತಕ್ಕೆ ಸರಿಯಾಗಿ ಎದ್ದು ಬಳಚು, ಅಂದರೆ ಕೆಸರಿನ ಚಿಪ್ಪುಜೀವಿ, ಹೆಕ್ಕಲು ಹೋದವಳು. ಇಳಿತ ಬೆಳಗಿನ ಜಾವ ಬಂದರೆ ಬೆಳಗಿನ ಜಾವ. ನಾವು ಶಾಲೆಗೆ ಹೋಗುವ ಮುಂಚೆ ಅನ್ನ ಆಗಿರುತ್ತದೋ ಇಲ್ಲವೋ ಅನ್ನುವುದು ಆ ದಿನದ ಇಳಿತದ ಮೇಲೆ. ಸೊಂಟದವರೆಗೆ ನೀರಿನಲ್ಲಿ ನಿಂತು ಕಾಲಿನಲ್ಲೇ ಕೆಸರು ತಡವುತ್ತಾರೆ. ಕಾಲಿಗೆ ಸಿಕ್ಕಿದ್ದು ಬಳಚೋ ಕಲ್ಲೋ ಅಂತ ಅಮ್ಮನ ಹೆಬ್ಬೆರಳಿಗೆ ಗೊತ್ತು. ಭರತ ತಿರುಗಿದ ಕೂಡಲೇ ಮೊಣಕಾಲ ಹಿಂದೆ ನೀರು ತಣ್ಣಗೆ ತಾಗುತ್ತದಂತೆ, ಆಗ ಬುಟ್ಟಿ ಎತ್ತಿ ಹೊರಡಬೇಕು. ನಮ್ಮ ಹೊಳೆ ನಡುವಿನ ಊರುಗಳಿಗೆ ನಾವು ಕುರ್ವೆ ಅನ್ನುತ್ತೇವೆ. ಐಗಳಕುರ್ವೆ, ಹೊನ್ನಾವರದ ಕಡೆ ಮಾವಿನಕುರ್ವೆ. ಗಂಗೊಳ್ಳಿಯವರ ಕುದ್ರು ನಮ್ಮ ಕುರ್ವೆ.

ಅಳಿವೆಯ ಅಂಚಿನ ಉಪ್ಪುನೀರಿನ ಗದ್ದೆ, ನಮ್ಮ ಗಜನಿ ಗದ್ದೆ, ಅದೂ ಹಾಗೇ. ಉಪ್ಪುನೀರು ಒಳಗೆ ಬಿಡುವುದು, ಹೊರಗೆ ಹಾಕುವುದು ಎಲ್ಲ ಭರತ ಇಳಿತ ನೋಡಿಕೊಂಡು. ಮಳೆಗಾಲದಲ್ಲಿ ಕಗ್ಗ ಭತ್ತ, ಅದು ಉಪ್ಪಿಗೂ ಜಗ್ಗದು, ನೆರೆಗೂ ಜಗ್ಗದು. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಕೊಯ್ದ ಗದ್ದೆಗೆ ಹಕ್ಕಿಗಳೂ ಬರುತ್ತವೆ. ನಮ್ಮ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಮ್ಮನಿಗೆ ಹೇಳಿದೆ. "ಹಾಗಂದ್ರೆ ಬಳಚು ಜಾಸ್ತಿ ಆಗ್ತದಾ?" ಅಂತ ಕೇಳಿದಳು.

ಗೊರವ

ಅಕ್ಕಾ, ನೀವು ದಯವಿಟ್ಟು ಬರೆಯುತ್ತಾ ಇರಿ. ಮೊಣಕಾಲ ಹಿಂದೆ ತಣ್ಣಗೆ ತಾಗುವುದು ಯಾವ ಪುಸ್ತಕದಲ್ಲೂ ಇಲ್ಲ.

ಬೊರಿವಲಿ ಕನ್ನಡತಿ

ಮುಂಬೈಯವರಿಗೆ ಇದು ಚೆನ್ನಾಗಿ ಗೊತ್ತು. ಹಾಜಿ ಅಲಿ ದರ್ಗಾದ ದಾರಿಯೂ ಭರತದಲ್ಲಿ ಮುಳುಗುತ್ತದೆ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಭರತ ನಡುಮಧ್ಯಾಹ್ನ, ನಡುರಾತ್ರಿ ಹೊತ್ತಿಗೆ. ಗುಜರಾತಿನ ಭಾವನಗರದ ಹತ್ತಿರ ಕೋಲಿಯಾಕ್‌ನಲ್ಲಿ ನಿಷ್ಕಳಂಕ ಮಹಾದೇವ ಅಂತ ಇದ್ದಾನೆ. ಸಮುದ್ರದೊಳಗೆ ಐದು ಲಿಂಗ. ಇಳಿತದಲ್ಲಿ ನಡೆದು ಹೋಗಿ ಪೂಜೆ ಮಾಡಬೇಕು, ಭರತ ಬಂದರೆ ಧ್ವಜದ ಕಂಬ ಕಾಣುವುದಷ್ಟೇ. ಸಾಗರದವಳು ಅವರೇ, ನಿಮ್ಮ ಅತ್ತೆಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಪುಟ್ಟನ ಅಮ್ಮ (ಎಡಿನ್‌ಬರೊ)

ನಾವೂ ಹೋಗಬೇಕು ಅಂತ ಮನಸ್ಸಾಗಿದೆ, ಆದರೆ ನನಗೆ ಭಯ ಇದೆ, ಕಾರಣ ಹೇಳುತ್ತೇನೆ.

ಐದು ವರ್ಷದ ಹಿಂದೆ ಗೆಳತಿಯರ ಜೊತೆ ಹೋಗಿದ್ದೆ. ಕರೆದುಕೊಂಡು ಹೋದವರು "ಇನ್ನೂ ಟೈಮ್ ಇದೆ" ಅಂದರು. ಆ ಮರಿ ಕುದ್ರುವಿಗೆ ದಾಟಿ ಕೂತೆವು, ಹರಟೆಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ವಾಪಸ್ ಹೊರಟಾಗ ನೋಡಿದರೆ, ಹೋಗುವಾಗ ಒಣಗಿದ್ದ ಕಲ್ಲಿನ ಮೇಲೆ ನೀರು. ಮೊದಲು ಪಾದ, ನಾಲ್ಕು ಹೆಜ್ಜೆಗೆ ಮೊಣಕಾಲು, ನಡುವೆ ತೊಡೆ. ಪಾಚಿಯ ಮೇಲೆ ಕಾಲು ಜಾರುತ್ತಿತ್ತು, ನೀರು ಪಕ್ಕದಿಂದ ಎಳೆಯುತ್ತಿತ್ತು. ಬರೀ ಕಲ್ಲೆಸೆಯುವಷ್ಟು ದೂರ. ಆದರೂ ಆ ಐದು ನಿಮಿಷ ನಾನು ಮರೆತಿಲ್ಲ. ದಡ ಮುಟ್ಟಿದ ಮೇಲೆ ಕೈ ನಡುಗಿ ಶೂ ದಾರ ಬಿಚ್ಚಲು ಆಗಲಿಲ್ಲ. ಈಗ ಆರು ವರ್ಷದ ಮಗ ಇದ್ದಾನೆ. ಹೋಗಬಹುದಾ?

ಸಾಗರದವಳು (ನ್ಯೂಕ್ಯಾಸಲ್)

ಅಯ್ಯೋ, ಓದಿ ಎದೆ ಧಸಕ್ ಅಂತು. ನಿಮ್ಮ ಭಯ ಸರಿಯಾದದ್ದೇ. ಆದರೆ ಹೋಗಬಹುದು, ಖಂಡಿತ ಹೋಗಿ. ನಾನು ಪಾಲಿಸುವುದನ್ನು ಹೇಳುತ್ತೇನೆ.

ಕೌನ್ಸಿಲ್ ವೇಳಾಪಟ್ಟಿಯಲ್ಲಿ ಹೋಗುವ ದಿನಾಂಕದ್ದನ್ನೇ ನೋಡಿ, ಮುಚ್ಚುವ ಹೊತ್ತಿಗೆ ಒಂದು ಗಂಟೆ ಮೊದಲೇ ದ್ವೀಪದೊಳಗೆ ಇರಿ. ಊರಲ್ಲೇ ಕಾರು ನಿಲ್ಲಿಸಿ. ಆಮೇಲೆ ಓಡುವ ಮಾತೇ ಇಲ್ಲ, ತೆರೆಯುವವರೆಗೆ ನಿಶ್ಚಿಂತೆ. ಒಳಗೆ ಉಳಿಯುವುದರ ದೊಡ್ಡ ಲಾಭ ಅದೇ. ಅಪಾಯ ಇರುವುದು ಕೊನೆ ಗಳಿಗೆಯಲ್ಲಿ ದಾಟುವವರಿಗೆ. ರಸ್ತೆಯಲ್ಲಿ ಎಲ್ಲಕ್ಕಿಂತ ಮೊದಲು ಮುಳುಗುವುದು ಒಳನಾಡಿನ ಕಡೆಯ ಸೇತುವೆಯ ಹತ್ತಿರ. ದ್ವೀಪದ ಕಡೆಯಿಂದ ಹೊರಟವರಿಗೆ ಕಣ್ಣೆದುರು ಒಣ ರಸ್ತೆ ಕಾಣುತ್ತದೆ, ಅಲ್ಲಿ ಹೋಗಿ ನೋಡಿದರೆ ನೀರು, ಹಿಂದೆ ತಿರುಗುವಷ್ಟರಲ್ಲಿ ಹಿಂದೆಯೂ ನೀರು. ಅಲ್ಲಿ ಕಂಬಗಳ ಮೇಲೆ ಒಂದು ಬಿಳಿ ಗೂಡು ಕಟ್ಟಿದ್ದಾರೆ, ಸಿಕ್ಕಿಬಿದ್ದವರು ಮೆಟ್ಟಿಲು ಹತ್ತಿ ಕೂರಲು. ಪ್ರತಿವರ್ಷ ಜನ ಸಿಕ್ಕಿಬೀಳುತ್ತಾರೆ, ಸೀಹೌಸಸ್‌ನಿಂದ ಲೈಫ್‌ಬೋಟ್ ಬಂದು ಕರೆದೊಯ್ಯುತ್ತದೆ. ಕಾರು ಉಪ್ಪುನೀರಿನಲ್ಲಿ ಮುಗಿದ ಹಾಗೇ.

ಕಂಬಗಳ ದಾರಿಯಲ್ಲಿ ಮಗುವಿನ ಜೊತೆ ಈ ಸಲ ಬೇಡ. ಕಾರಿನ ವೇಳೆ ನಡೆಯುವವರಿಗೆ ಅನ್ವಯಿಸುವುದಿಲ್ಲ. ನೀರು ಇಳಿಯುತ್ತಿರುವಾಗ ಹೊರಟು, ಪೂರ್ತಿ ಇಳಿದು ಮತ್ತೆ ಏರಲು ಶುರುವಾಗುವುದರೊಳಗೆ ದಾಟಿ ಮುಗಿಸಬೇಕು. ಮರಿ ಕುದ್ರುವನ್ನು ದಿಬ್ಬದ ಮೇಲಿಂದಲೇ ತೋರಿಸಿ.

ಸೀಲ್‌ಗಳ ಹತ್ತಿರ ಹೋಗುವ ಆಸೆ ಮಕ್ಕಳಿಗೆ ಇರುತ್ತದೆ. ದಿಬ್ಬದ ಮೇಲಿಂದ ದುರ್ಬೀನು ಸಾಕು. ಮಲಗಿರುವ ಸೀಲ್ ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದ್ದರೆ ಆಗಲೇ ಹತ್ತಿರ ಹೋಗಿಬಿಟ್ಟಿದ್ದೀರಿ ಅಂತ ಅರ್ಥ. ಅವು ದಡಬಡ ನೀರಿಗೆ ಬಿದ್ದರೆ ಕಲ್ಲು ತಾಗಿ ಗಾಯವೂ ಆಗುತ್ತದೆ. ಈಗ ಫಾರ್ನ್ ದ್ವೀಪಗಳಲ್ಲಿ ಬಿಳಿ ತುಪ್ಪಳದ ಮರಿ ಹುಟ್ಟುವ ಕಾಲ ಬೇರೆ. ಅಲ್ಲಿಗೆ ದೋಣಿಯಲ್ಲಿ ಹೋಗಬಹುದು. 2022ರಲ್ಲಿ ಹಕ್ಕಿಜ್ವರ ಬಂದು ಆ ದ್ವೀಪಗಳಲ್ಲಿ ಸಾವಿರಾರು ಕಡಲಹಕ್ಕಿ ಸತ್ತಿದ್ದವು. ಜನರನ್ನು ಇಳಿಸುವುದನ್ನೇ ನಿಲ್ಲಿಸಿ, 2024ರಲ್ಲಿ ಮತ್ತೆ ಶುರು ಮಾಡಿದರು.

ಮರಳುಗುಡ್ಡದ ಕಡೆ ಹೋದರೆ ಹೊರಡುವ ಮುಂಚೆ ಕಾಲುಚೀಲ ನೋಡಿಕೊಳ್ಳಿ. ಪಿರಿಪಿರಿ ಅಂತ ಒಂದು ಗಿಡದ ಕಾಯಿ ನಮ್ಮ ಉತ್ತರಾಣಿಯ ಹಾಗೆ ಅಂಟಿಕೊಳ್ಳುತ್ತದೆ. ನ್ಯೂಜಿಲೆಂಡಿನಿಂದ ಉಣ್ಣೆಯ ಜೊತೆ ಬಂದದ್ದು. ಅಲ್ಲಿನ ಗಿಡಗಳನ್ನು ಮುಚ್ಚಿಹಾಕುತ್ತಿದೆ, ಇನ್ನೊಂದು ಕಡೆ ಒಯ್ಯಬಾರದು.

ಗಂಗೊಳ್ಳಿ ಹುಡುಗ

ಪುಟ್ಟನ ಅಮ್ಮ ಅವರೇ, ದಿನ ನಾನು ಹೇಳುತ್ತೇನೆ ನೋಡಿ. ಸಾಗರದ ಅಕ್ಕ ಹೋದ ದಿನ ಭರತ ಮೂರೂವರೆಗೆ. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನೈದು ದಿನ, ದಿನಕ್ಕೆ ಐವತ್ತು ನಿಮಿಷದ ಹಾಗೆ ಹನ್ನೆರಡು ಗಂಟೆ ಚಿಲ್ಲರೆ. ಅಂದರೆ ತಿರುಗಿ ಅದೇ ಹೊತ್ತಿಗೆ ಬರುತ್ತದೆ. ದೀಪಾವಳಿ ಅಮಾವಾಸ್ಯೆಗೂ ನಿಮ್ಮಲ್ಲಿ ಭರತ ಮಧ್ಯಾಹ್ನ ಮೂರರ ಆಸುಪಾಸು, ರಸ್ತೆ ತೆರೆಯುವುದು ಮುಸ್ಸಂಜೆಗೆ. ಅಷ್ಟಮಿಗೆ ಹೋದರೆ ರಾತ್ರಿ ಒಂಬತ್ತರ ಸುಮಾರಿಗೆ ಭರತ, ಸಂಜೆ ಇಡೀ ಮುಚ್ಚಿರುತ್ತದೆ. ನಿಮ್ಮ ವೇಳಾಪಟ್ಟಿಯಲ್ಲಿ ಒಮ್ಮೆ ತಾಳೆ ನೋಡಿ.

ಪುಟ್ಟನ ಅಮ್ಮ (ಎಡಿನ್‌ಬರೊ)

ನೋಡಿದೆ. ಹತ್ತು ನಿಮಿಷದ ವ್ಯತ್ಯಾಸ ಅಷ್ಟೇ! ಗಂಗೊಳ್ಳಿಯಲ್ಲಿ ಕೂತು ನಾರ್ತಂಬರ್‌ಲ್ಯಾಂಡಿನ ನೀರು ಹೇಳಿದಿರಲ್ಲ ತಮ್ಮ, ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಬಲಿಪಾಡ್ಯಮಿ ದಿನ ಹೋಗುತ್ತೇವೆ.

ಮೈಸೂರು ಮೇಷ್ಟ್ರು

ಹೋಗಿ ಬಂದು ಬರೆಯಿರಿ ತಾಯಿ. ಕಾಯುತ್ತಿರುತ್ತೇನೆ.

ಪುಟ್ಟನ ಅಮ್ಮ (ಎಡಿನ್‌ಬರೊ)

ಹೋಗಿ ಬಂದೆವು. ಎಲ್ಲರಿಗೂ ದೀಪಾವಳಿ ಶುಭಾಶಯ.

ಹನ್ನೊಂದೂವರೆಗೇ ಒಳಗಿದ್ದೆವು. ಮಗ ಮಧ್ಯಾಹ್ನವೆಲ್ಲ ದಡದ ಕಲ್ಲಿನ ನಡುವೆ ಕತ್‌ಬರ್ಟ್ ಮಣಿ ಹುಡುಕಿದ. ಇದನ್ನು ಯಾರೂ ಹೇಳಿರಲಿಲ್ಲ, ಅಂಗಡಿಯವರು ಹೇಳಿದರು. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಇದ್ದ ಒಂದು ಕಡಲಜೀವಿಯ ಕಾಂಡದ ತುಂಡುಗಳು ಕಲ್ಲಾಗಿ, ಒಡೆದು, ನಡುವೆ ತೂತಿರುವ ಪುಟ್ಟ ಬಿಲ್ಲೆಗಳಾಗಿ ಸಿಗುತ್ತವೆ. ಹಿಂದೆ ಜನ ಪೋಣಿಸಿ ಜಪಮಾಲೆ ಮಾಡಿಕೊಳ್ಳುತ್ತಿದ್ದರಂತೆ. ಎರಡು ಗಂಟೆ ಹುಡುಕಿದ ಮೇಲೆ ಒಂದು ಸಿಕ್ಕಿತು. ತೊಗರಿಬೇಳೆಯಷ್ಟು ದೊಡ್ಡದು, ಬೂದು ಬಣ್ಣ, ಅಂಚಿನಲ್ಲಿ ಗಡಿಯಾರದ ಚಕ್ರದ ಹಾಗೆ ಸಣ್ಣ ಹಲ್ಲು. ಅಂಗೈಯಲ್ಲಿಟ್ಟು ಫೋಟೋ ತೆಗೆಸಿಕೊಂಡ. ಆಮೇಲೆ ಇದ್ದ ಜಾಗದಲ್ಲೇ ಇಟ್ಟ. ಬಿಡಲು ಮನಸ್ಸಿರಲಿಲ್ಲ, ಆದರೂ ಇಟ್ಟ.

ಸಂಜೆ ದಿಬ್ಬದ ಮೇಲೆ ಹೋದೆವು. ಮರಿ ಕುದ್ರು ನೋಡಿದಾಗ ನನಗೆ ಕಾಲು ಸ್ವಲ್ಪ ನಡುಗಿತು. ಮಗನ ಕೈ ಹಿಡಿದು ನಿಂತೆ. ನೀರು ಇಳಿಯುತ್ತಾ ಇತ್ತು, ನಾನು ಐದು ವರ್ಷದ ಹಿಂದೆ ದಾಟಿದ ಕಲ್ಲುಗಳು ಒಂದೊಂದಾಗಿ ಮೇಲೆ ಬಂದವು. ಅವುಗಳ ಮೇಲೆ ಕಪ್ಪು ಬಿಳಿ ಮೈ, ಕಿತ್ತಳೆ ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ಹಕ್ಕಿಗಳು ಬಂದು ಕೂತವು. ಒಂದು ಹಕ್ಕಿ ಚಿಪ್ಪನ್ನು ಕಲ್ಲಿಗೆ ಒತ್ತಿಟ್ಟು ಕುಟ್ಟುವ ಸದ್ದು ನಮಗೂ ಕೇಳಿಸಿತು. ಟಕ್, ಟಕ್.

ಚಂದ್ರ ಇರಲಿಲ್ಲ. ಪೂರ್ತಿ ಕತ್ತಲು. ಸೀಲ್ ಕಾಣಲಿಲ್ಲ, ಬರೀ ದನಿ. ಮಗ ಟಾರ್ಚ್ ಆರಿಸು ಅಂದ. ಆರಿಸಿದೆ. ಒಂದು ದನಿ ಏರಿ ನಿಂತಾಗ ಅವನು ಮೆಲ್ಲಗೆ ಅದೇ ರಾಗದಲ್ಲಿ ಊ ಅಂದ. ಆಮೇಲೆ ನಾಚಿಕೊಂಡು ನನ್ನ ಕೋಟಿನೊಳಗೆ ಮುಖ ಇಟ್ಟ.

ಕುಮಟೆಯವಳು

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅಡುಗೆಮನೆಯಲ್ಲಿ ಬಳಚು ಬಿಡಿಸುತ್ತಾ ಕೇಳಿದಳು. ಕಿತ್ತಳೆ ಕೊಕ್ಕಿನ ಹಕ್ಕಿ ಏನನ್ನು ಕುಟ್ಟುತ್ತಿತ್ತು ಅಂತ ಕೇಳು ಅಂದಳು.

ಸಾಗರದವಳು (ನ್ಯೂಕ್ಯಾಸಲ್)

ಅಮ್ಮನಿಗೆ ಹೇಳಿ, ಕಲ್ಲಿನ ಮೇಲಾದರೆ ಕಲ್ಲಿಗೆ ಅಂಟಿಕೊಳ್ಳುವ ಚಿಪ್ಪುಜೀವಿಗಳಾದ ಲಿಂಪೆಟ್ ಅಥವಾ ಮಸಲ್ ಇರಬೇಕು. ಕೆಸರಿನ ಕಡೆ ಕಾಕಲ್ ಸಿಗುತ್ತದೆ, ನಿಮ್ಮ ಬಳಚಿನ ಹಾಗೇ ಎರಡು ಚಿಪ್ಪು, ಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆ. ಗುಂಡಗೆ, ಅಡಿಕೆಗಿಂತ ಸ್ವಲ್ಪ ದೊಡ್ಡದು.

ಕುಮಟೆಯವಳು

ಹೇಳಿದೆ. "ಅದಕ್ಕೆ ಕೊಬ್ಬರಿ ಜಾಸ್ತಿ ಬೇಕು" ಅಂದಳು.